ವೋಲ್ಟೇಜ್ ಶಿವಸ್ವಾಮಿಯವರು

ತಿ. ನರಸೀಪುರದ ಮೋಟಾರ್ ವೈಂಡಿಂಗ್ ಅಂಗಡಿಯ ಶಿವಸ್ವಾಮಿಯವರು ತಮ್ಮ ಐವತ್ತಾರು ವರ್ಷಗಳಲ್ಲಿ ಒಮ್ಮೆಯೂ ತಪ್ಪು ಮಾಡಿದವರಲ್ಲ. ಅವರು ತಂತಿ ಸುತ್ತಿಕೊಟ್ಟ ಪಂಪ್‌ಸೆಟ್ ವಾರದೊಳಗೆ ಸುಟ್ಟುಹೋದರೆ, "ನನ್ ವೈಂಡಿಂಗ್ ತಪ್ಪಲ್ಲ ಕಣ್ರೀ, ವೋಲ್ಟೇಜ್ ತಪ್ಪು" ಎನ್ನುತ್ತಾರೆ. ಹೆಂಡತಿ ಚನ್ನಬಸಮ್ಮ ನೋಡಿಕೊಳ್ಳಿ ಎಂದು ಹೇಳಿ ಹೋದ ಹಾಲು ಉಕ್ಕಿದರೂ ವೋಲ್ಟೇಜನ್ನೇ ಬೈಯುತ್ತಾರೆ. ಇಂಥವರಿಗೆ ಈಗ ಏರ್‌ಸಾಫ್ಟ್ ಎಂಬ, ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕಿನ ಹುಚ್ಚು. ಮೊದಲಿನವಕ್ಕೆ ಪ್ರತಿ ಗುಂಡಿಗೂ ಕೈಯಿಂದ ಸ್ಪ್ರಿಂಗ್ ಎಳೆಯಬೇಕಿತ್ತು, ಗ್ಯಾಸಿನವು ಚಳಿಗೆ ಮಂಕಾಗುತ್ತಿದ್ದವು, ಈಗ ಬ್ಯಾಟರಿ ಮೋಟಾರೇ ಗಿಯರ್ ತಿರುಗಿಸಿ ಸ್ಪ್ರಿಂಗ್ ಎಳೆದು ಬಿಡುತ್ತದೆ ಎಂದು ಕೇಳದವರಿಗೂ ವಿವರಿಸಿ, "ನಮ್ ಪಂಪ್‌ಸೆಟ್ ಮೋಟ್ರೇ ಮರಿ ಆಕ್ಯದೆ ನೋಡ್ಲಾ" ಎಂದು ಬಂದೂಕನ್ನು ಎದೆಗೆ ಅವಚಿಕೊಳ್ಳುತ್ತಾರೆ. ಭಾನುವಾರ ತಲಕಾಡಿನ ಹಾದಿಯ ಸರ್ವೆತೋಪಿನಲ್ಲಿ ಎರಡು ತಂಡವಾಗಿ ಆಟ. ಆ ಪ್ಲಾಸ್ಟಿಕ್ ಗುಂಡು ಬಟ್ಟೆಯ ಮೇಲೆ ಕಲೆ ಉಳಿಸುವುದಿಲ್ಲ. ತಗುಲಿದವನೇ ಕೈ ಮೇಲೆತ್ತಿ ಒಪ್ಪಿಕೊಂಡು ಆಚೆ ಹೋಗಬೇಕು. ಬ್ಯಾಂಕಿನವರು, ಮೇಷ್ಟ್ರುಗಳೆಲ್ಲ ತಗುಲಿದ್ದನ್ನು ನುಂಗಿಕೊಂಡು ಓಡಾಡಿದರೆ, ಶಿವಸ್ವಾಮಿಯವರು ಅಂಗಿಯ ಅಂಚಿಗೆ ಸೋಕಿದರೂ ಕೈ ಎತ್ತುತ್ತಾರೆ. "ಯಾರೂ ನೋಡ್ನಿಲ್ವಲ್ಲ ಸಾ" ಎಂದರೆ, "ನಂಗೊತ್ತಲ್ಲಪ್ಪ" ಎನ್ನುತ್ತಾರೆ. ಮೊನ್ನೆ ಸೋಮವಾರ ಹೆಮ್ಮಿಗೆಯ ರೈತ ಮಹದೇವ, ಎರಡನೇ ಸಲ ಸುಟ್ಟ ಮೋಟಾರನ್ನು ತಂದು ಅವರ ಮುಂದಿಟ್ಟ. ಬಿಚ್ಚಿ ನೋಡಿದರೆ ತಾವೇ ಸುತ್ತಿದ ತಂತಿ ಒಂದು ಕಡೆ ಸಡಿಲ. ಅದು ಮಹದೇವನಿಗೆ ತಿಳಿಯುವಂಥದ್ದಲ್ಲ. "ವೋಲ್ಟೇಜು..." ಎಂದು ಶುರುಮಾಡಿದ ಶಿವಸ್ವಾಮಿಯವರು ಅಲ್ಲಿಗೇ ನಿಂತರು. ವಾರ್ನಿಷ್ ಮೆತ್ತಿದ ಅವರ ಬಲಗೈ ಮೆಲ್ಲಗೆ ಮೇಲಕ್ಕೆ ಹೋಯಿತು.