ನಿಮ್ಮ ಭಾಷೆಯಲ್ಲಿ ಹೇಳಿ

ಅಮೆರಿಕದ ಫ್ರೀಮಾಂಟಿನಲ್ಲಿ ಯಾರಾದರೂ ಎಲೆಕ್ಟ್ರಿಷಿಯನ್ ಬೇಕು ಎಂದರೆ ನಾನು ಜಂಬದಿಂದ "ನಮ್ಮ ಹುಬ್ಬಳ್ಳಿಯವರಿದ್ದಾರಲ್ಲ!" ಅನ್ನುತ್ತಿದ್ದೆ. ಅವರು ಕೆಲಸ ಶುರುಮಾಡುವ ಮೊದಲು ಟೆಸ್ಟರನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. "ಕರೆಂಟಿಗೆ ಅಂಜಬ್ಯಾಡ್ರಿ, ಮರ್ಯಾದಿ ಕೊಡ್ರಿ" ಎನ್ನುವುದು ಅವರ ಮಾತು.

ನಾವು ಸೋಲಾರ್ ಹಾಕಿಸಲು ಹೊರಟಾಗ ಅವರ ಕಂಪನಿಯ ಸೇಲ್ಸಿನವನೂ ಜೊತೆಗೆ ಬಂದ. ಅವರ ಕಂಪನಿಯದು ಪ್ಯಾನೆಲಿನ ಡಿಸಿ ಕರೆಂಟನ್ನು ಛಾವಣಿಯ ಮೇಲೆಯೇ ಮನೆಗೆ ಬೇಕಾದ ಎಸಿ ಮಾಡುವ ಪದ್ಧತಿ. ಎದುರಾಳಿ ಕಂಪನಿಯವರು ಡಿಸಿಯನ್ನು ಗ್ಯಾರೇಜಿನವರೆಗೂ ಇಳಿಸಿ ಅಲ್ಲಿ ಎಸಿ ಮಾಡುತ್ತಿದ್ದರು. "ಅವರ ಡಿಸಿ ನಿಮ್ಮ ಮನೆ ಸುಟ್ಟೀತು" ಎಂದು ಸೇಲ್ಸಿನವನು ಇಂಗ್ಲಿಷಿನಲ್ಲಿ ಹೆದರಿಸಿದ. ನಮ್ಮತ್ತೆಗೆ ಅರ್ಥವಾಗಲಿಲ್ಲ. ಅವನು ಹುಬ್ಬಳ್ಳಿಯವರ ಕಡೆ ತಿರುಗಿ, "ನಿಮ್ಮ ಭಾಷೆಯಲ್ಲಿ ಹೇಳಿ" ಅಂದ.

ಇವರು ಅತ್ತೆಯ ಎದುರು ಕೂತರು. "ಅಮ್ಮಾರ, ನೆಟ್ಟಗ ಹಾಕಿದ್ರ ಎರಡೂ ಛಲೋನ ಅದಾವ್ರಿ. ಹಿಂದ ಇದೇ ದೇಶದಾಗ ಡಿಸಿ ಮಾರೋರು, ಎಸಿ ಕೊಲ್ತೈತಿ ಅಂತ ತೋರ್ಸಾಕ ನಾಯಿಗೋಳಿಗೆ ಕರೆಂಟು ಕೊಟ್ಟು ಕೊಂದ್ರು. ಈಗ ಎಸಿ ಮಾರೋ ನಾವು, ಡಿಸಿ ಸುಡತೈತಿ ಅಂತೀವಿ. ನನ್ನ ಬಾಯಾಗ ಆ ಮಾತು ಬರಂಗಿಲ್ರಿ."

ಎಸಿ, ಡಿಸಿ ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ಸೇಲ್ಸಿನವನು ಖುಷಿಯಿಂದ ತಲೆಯಾಡಿಸುತ್ತಿದ್ದ. ಅತ್ತೆಗೆ ನಗು ತಡೆಯಲಾಗಲಿಲ್ಲ.

"ಏನು ಹೇಳಿದರು?" ಎಂದು ಅವನು ನನ್ನನ್ನು ಕೇಳಿದ. ಇವರ ಕೆಲಸಕ್ಕೆ ಕುತ್ತು ಬರಬಾರದೆಂದು ನಾನು ಏನೋ ಒಂದು ಹೇಳಿ ತೇಲಿಸುವವಳಿದ್ದೆ. ಅಷ್ಟರಲ್ಲಿ ಅವರೇ ಎದ್ದು ನಿಂತು, ಅಷ್ಟನ್ನೂ ಅವನ ಭಾಷೆಯಲ್ಲಿ ಹೇಳಿದರು, ನಾಯಿಗಳ ಸಮೇತ.