ಒತ್ತೆಯಿಟ್ಟ ಪಾಸು

ಮುಂಬೈ ಹತ್ತಿರದ ಬದಲಾಪುರದಾಚೆಯ ಕಾಡುಗುಡ್ಡದಲ್ಲಿ ಟೆಂಟ್ ಹಾಕುವವರು ತಮ್ಮ ರೈಲ್ವೆ ಪಾಸನ್ನು ಗೇಟಿನ ಗಾರ್ಡ್ ಬಳಿ ಒತ್ತೆಯಿಡಬೇಕಿತ್ತು. ಗಾರ್ಡ್ ಬಿಜಾಪುರದ ಕಡೆಯವರು. ಎಲ್ಲರಿಗೂ ಅದೇ ಮಾತು: "ಪಾಸ್ ಇಟ್ಟು ಹೋಗ್ರಿ. ಸೋಮವಾರ ಡ್ಯೂಟಿಗೆ ಬೇಕಲ್ಲ, ಬಂದೇ ಬರ್ತೀರಿ." ಪಾಸುಗಳನ್ನು ಜೇಬಿಗೆ ಹಾಕಿ ಗುಂಡಿ ಬಿಗಿಯುತ್ತಿದ್ದರು. ಭಾನುವಾರ ಆ ಜೇಬು ಖಾಲಿಯಾಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ.

ಒಂದು ಜುಲೈಯಲ್ಲಿ, ಚಾಲ್ತಿ ಪಾಸು ಕಳೆದುಹೋದೀತೆಂದು ನಾನು ಅವಧಿ ಮುಗಿದ ಪಾಸನ್ನು ಕೊಟ್ಟೆ. ಭಾನುವಾರ ಮಳೆ ಹೊಡೆದು, ಗೇಟಿನ ದಾರಿಯ ಹಳ್ಳ ಉಕ್ಕಿತು. ನಾನು ಗುಡ್ಡದ ಹಿಂಬದಿಯಿಂದ ಇಳಿದು ಡೊಂಬಿವಲಿಯ ಮನೆ ಸೇರಿದೆ. ಹಳೇ ಪಾಸು ಯಾರಿಗೆ ಬೇಕು?

ಮುಂದಿನ ಶನಿವಾರ ಹೋದಾಗ ಗಾರ್ಡ್ ಅವರ ಹಣೆಯಲ್ಲಿ ಹೊಲಿಗೆಗಳಿದ್ದವು. ಪಕ್ಕದ ಚಹಾದಂಗಡಿಯ ಉಡುಪಿಯವರು ನನ್ನನ್ನು ತಡೆದರು: "ನೀವು ಬದುಕಿದ್ದೀರಾ ಮಾರಾಯ್ರೆ? ನಿಮ್ಮ ಪಾಸೊಂದೇ ಉಳಿದಿತ್ತು. ಇವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೂರು ಸಲ ಹಳ್ಳಕ್ಕೆ ಇಳಿದ್ರು. ಮೂರನೇ ಸಲ ನಾವು ಎಳೆದು ತಂದದ್ದು."

ಗಾರ್ಡ್ ಗುಂಡಿ ಬಿಚ್ಚಿ, ನೀರಿಗೆ ಉಬ್ಬಿದ್ದ ಪಾಸನ್ನು ಮರಳಿಸಿ, ಕೈ ಚಾಚಿದರು.

"ಪಾಸ್ ಇಟ್ಟು ಹೋಗ್ರಿ."

ಈ ಸಲ ನಿಜವಾದದ್ದನ್ನೇ ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ತಾರೀಕು ಓದಿದರು. ಅದುವರೆಗೆ ಅವರು ಯಾರ ಪಾಸಿನ ತಾರೀಕನ್ನೂ ನೋಡಿದವರಲ್ಲ.