ನಾಲ್ಕನೆಯ ಗಿಳಿಯ ಕಾಳು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುತ್ತಿದ್ದವಳಲ್ಲ. ನಮ್ಮ ಕೊಳ್ಳೇಗಾಲದ ಹೆಸರು ಹೇಳಿದರೆ ಸಾಕು, ಹೊರಗಿನವರು "ಮಾಟದ ಊರಾ?" ಎಂದು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಅಜ್ಜಿಯೂ ಆದ ನಾನು ಇಷ್ಟು ವರ್ಷದಲ್ಲಿ ಕಂಡ ಮಾಟವೆಂದರೆ ಬೆಳಿಗ್ಗೆ ತಂದ ಸೊಪ್ಪು ಸಂಜೆಗೆ ಬಾಡುವುದೊಂದೇ. ಗಾಳಿ ಮೆಟ್ಟಿತು, ನೆರಳು ಕಂಡಿತು ಎಂದು ಯಾರಾದರೂ ಹೇಳಿದರೆ "ಒಂದ್ ಚೊಂಬು ಮಜ್ಜಿಗೆ ಕುಡ್ದು ಮಲ್ಕೊ, ಓಯ್ತದೆ" ಎನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ನಡೆದದ್ದಕ್ಕೆ ಮಾತ್ರ ನನ್ನ ಹತ್ತಿರ ಮಜ್ಜಿಗೆ ಇಲ್ಲ. ಅದು ಅಮಾವಾಸ್ಯೆಯಲ್ಲ, ರಾತ್ರಿಯೂ ಅಲ್ಲ. ಹಾಡುಹಗಲು, ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ, ಕಂಪ್ಯೂಟರಿನ ಮುಂದೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ಮಗಳು ತಿದ್ದಿದ್ದಾಳೆ, ಮಾತು ಮಾತ್ರ ನನ್ನದೇ.

ಆ ಮಗಳು ನಾಗರತ್ನಳಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವನ್ನು ತಂದು ತೋರಿಸಿದಾಗ ನಾನು ಆಕೆಯ ಕೈಗೇ ಮುತ್ತಿಟ್ಟೆನಂತೆ. ನನಗೆ ನೆನಪಿಲ್ಲ. ಮಗು ನೋಡಲು ಹೇಗಿತ್ತು ಗೊತ್ತೇ? ಆಗ ತಾನೆ ಸುಲಿದ ಅವರೆಕಾಳಿನ ಹಾಗೆ! ಆ ದಿನ ಕಂಡ ಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಗೇಟಿನ ವಾಚ್‌ಮನ್ನಿಗೂ ಹಾಕಿದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. "ಓಗ್ಲಿ ಬುಡವ್ವ, ಒಂಬತ್ತು ವರ್ಷದ ಸಕ್ಕರೆ, ಏನೂ ಮಾಡಲ್ಲ" ಎಂದ ಪುಣ್ಯಾತ್ಮ.

ಅಷ್ಟು ಸಂತೋಷದ ನಡುವೆ ಒಂದು ಜಾಗ ಮಾತ್ರ ಖಾಲಿ ಇತ್ತು. ಮಗುವನ್ನು ಯಾರ ಕೈಗೆ ಕೊಟ್ಟರೂ, ಇನ್ನೊಂದು ಜೊತೆ ಕೈಗೆ ಕೊಡಬೇಕಿತ್ತಲ್ಲ ಎನ್ನಿಸುತ್ತಿತ್ತು. ಆ ಕೈ ಹೋಗಿ ಆಗಲೇ ಏಳು ವರ್ಷವಾಗಿತ್ತು.

ನಮ್ಮ ಮನೆಯವರು ರೇಷ್ಮೆ ಸೀರೆಗೆ ಅಂಚು ಬರೆಯುತ್ತಿದ್ದರು. ಚೌಕಳಿ ಹಾಳೆಯ ಮೇಲೆ ಮನೆ ಮನೆ ತುಂಬಿ ಹೂವು, ಬಳ್ಳಿ, ಹಕ್ಕಿ ಬರೆದು, ಅದನ್ನು ನೋಡಿಕೊಂಡು ರಟ್ಟಿನಲ್ಲಿ ತೂತು ಹೊಡೆಯಬೇಕು. ಆ ರಟ್ಟುಗಳನ್ನೆಲ್ಲ ಪೋಣಿಸಿ ಮಗ್ಗದ ಮೇಲೆ ಏರಿಸಿದರೆ ಬರೆದದ್ದೆಲ್ಲ ಸೀರೆಯಲ್ಲಿ ಏಳುತ್ತದೆ. ಇವರು ಹಾಳೆ ಹಿಡಿದು ಕೂಗುವುದು, ನಾನು ತೂತು ಹೊಡೆಯುವುದು. "ಮೂರು ಬುಡು, ಎರಡೊಡಿ. ಒಂದು ಬುಡು, ಐದೊಡಿ." ಹದಿನೆಂಟು ವರ್ಷ ಹಾಗೆ ನಡೆಯಿತು. ನಾನು ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಇವರು ಎಲ್ಲಿ ಉಸಿರೆಳೆದರು ಎನ್ನುವುದರಲ್ಲೇ ಹೂವು ಮುಗಿಯಿತೋ ಬಳ್ಳಿ ಶುರುವಾಯಿತೋ ಗೊತ್ತಾಗುತ್ತಿತ್ತು.

ಇವರದು ಒಂದು ಪದ್ಧತಿ. ಕೂಗಿದ್ದೆಲ್ಲ ಮುಗಿದ ಮೇಲೆ, ನಾನು ಒಲೆಯ ಕಡೆ ಹೋದಾಗ, ಯಾವುದೋ ಒಂದು ರಟ್ಟಿನಲ್ಲಿ ತಾವೇ ಒಂದು ತಪ್ಪು ತೂತು ಹೊಡೆಯುತ್ತಿದ್ದರು. ಅದು ದೃಷ್ಟಿ ಚುಕ್ಕಿ. ಮಗುವಿನ ಕೆನ್ನೆಗೆ ಕಪ್ಪು ಇಡುವುದಿಲ್ಲವೇ, ಹಾಗೆ. ಎಲ್ಲಿ ಇಟ್ಟೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಸೀರೆ ಮಗ್ಗದಿಂದ ಇಳಿಯುವುದರೊಳಗೆ ನಾನು ಹುಡುಕಿ ಹಿಡಿದರೆ ಇವರು ಒಂದು ಮೊಳ ಕನಕಾಂಬರ ತಂದುಕೊಡಬೇಕು. ಸಿಗದಿದ್ದರೆ ಅವತ್ತು ಇವರು ಕೇಳಿದ ಸಾರು ನಾನು ಮಾಡಬೇಕು. ಎಷ್ಟೋ ಮೊಳ ಮುಡಿದಿದ್ದೇನೆ, ಎಷ್ಟೋ ಸಲ ಹುರುಳಿಕಾಳಿನ ಬಸ್ಸಾರೂ ಮಾಡಿದ್ದೇನೆ.

ಕೊನೆಯದು ಆರು ಗಿಳಿಯ ಅಂಚು. ಆರು ಗಿಳಿ, ನಡುನಡುವೆ ಮಾವಿನಕಾಯಿ. ಅದರ ಚುಕ್ಕಿ ನನಗೆ ಸಿಗಲಿಲ್ಲ. ಮಗ್ಗದ ಪಕ್ಕ ಕೂತು ಮಾವಿನಕಾಯಿಯ ಹೊಟ್ಟೆ, ತೊಟ್ಟು, ಬಳ್ಳಿಯ ಸಂದು ಎಲ್ಲ ನೋಡಿದೆ. ರೇಷ್ಮೆಯಲ್ಲಿ ಒಂದು ಎಳೆಯ ಚುಕ್ಕಿ ಎಂದರೆ ಎಷ್ಟಾಗುತ್ತದೆ? ನಾನು ಕಣ್ಣು ಕಿರಿದು ಮಾಡಿ ಹುಡುಕುವುದನ್ನು ಕಂಡು ಇವರು ನಗುತ್ತಾ ಒಂದು ಮಾತು ಹೇಳಿದರು: "ಒಟ್ಟೆ ಅಸ್ದೋರ ತಾವ ಉಡುಕಮ್ಮಿ." ಊಟಕ್ಕೆ ತಡವಾಯಿತೆಂದು ಚುಚ್ಚುತ್ತಿದ್ದಾರೆ ಎಂದುಕೊಂಡು ನಾನು ಸಿಡುಕಿ ಎದ್ದು ಹೋಗಿ ಬಡಿಸಿದೆ. ಆ ವಾರವೇ ಕಾಮಾಲೆ ಏರಿತು. ಮೈಸೂರಿನ ಆಸ್ಪತ್ರೆಗೆ ಹೋದವರು ಮನೆಗೆ ನಡೆದು ಬರಲಿಲ್ಲ. ಸೀರೆ ಮಗ್ಗದ ಮಾಲೀಕರ ಕೈಗೆ ಹೋಯಿತು, ಅಲ್ಲಿಂದ ಯಾರ ಮನೆಗೋ. ಅಟ್ಟದ ಮೇಲಿಟ್ಟಿದ್ದ ಹಾಳೆ, ರಟ್ಟು ಎಲ್ಲವನ್ನೂ ಗೆದ್ದಲು ತಿಂದಿತು. ಆ ಅಂಚು ಉಳಿದದ್ದು ನನ್ನ ಕಿವಿಯಲ್ಲಿ ಮಾತ್ರ.

ನಮ್ಮ ಅಳಿಯ ಮಾದೇಶ ಅಜ್ಜೀಪುರದ ಕಡೆಯವನು. ಕೊಳ್ಳೇಗಾಲದಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟು ಮದುವೆ ಕಾರ್ಡು, ನಾಮಕರಣದ ಕಾರ್ಡು ಮಾಡುತ್ತಾನೆ. ಒಂಬತ್ತು ವರ್ಷ ಊರವರ ತೊಟ್ಟಿಲನ್ನೆಲ್ಲ ಅಚ್ಚು ಹಾಕಿದ. ಈಗ ತನ್ನದೇ ಬಂದಾಗ, ಎಲ್ಲರಿಗೂ ಹಾಕುವ ಅದೇ ಕೆಂಪು ಕೂದಲಿನ ಗುಂಡು ಮಗುವಿನ ಚಿತ್ರ ತೋರಿಸಿದ. ನಾನು ಆರು ಗಿಳಿಯ ಅಂಚು ಬೇಕು ಎಂದೆ. ತಾತ ತೊಟ್ಟಿಲ ಹಗ್ಗ ಹಿಡಿಯಲಂತೂ ಆಗಲಿಲ್ಲ, ಕಾರ್ಡಿನ ಸುತ್ತಲಾದರೂ ನಿಂತಿರಲಿ ಎಂದು ನನ್ನಾಸೆ.

"ಹಾಳೇನೇ ಇಲ್ವಲ್ಲ ಅತ್ತೆ, ಎಲ್ಲಿಂದ ತೆಗೀಲಿ?"

"ನಾ ಕೂಗ್ತೀನಿ ಅಳಿಮಯ್ಯ, ನೀವು ತುಂಬ್ತಾ ಬನ್ನಿ."

ಮುಳ್ಳೂರಿನಿಂದ ಬಂದಿದ್ದ ನನ್ನ ತಂಗಿಯನ್ನು ಬಾಣಂತಿಯ ಹತ್ತಿರ ಬಿಟ್ಟು, ಮೂರು ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತೆ. ಕಣ್ಣು ಮುಚ್ಚಿ ಕೂಗುತ್ತಿದ್ದೆ, ಮಾದೇಶ ಪರದೆಯ ಮೇಲೆ ಮನೆ ತುಂಬುತ್ತಿದ್ದ. ಅವನ ಬಲಗೈ ಮೌಸಿನ ಮೇಲೆ. ಎಡಗೈ ಕೀಬೋರ್ಡ್ ಮೇಲೆ ತಮಟೆ ಬಡಿದ ಹಾಗೆ ಓಡುತ್ತಿತ್ತು, ಅದನ್ನು ನೋಡುತ್ತಲೂ ಇರಲಿಲ್ಲ. ಎರಡು ಕೀ ಒಟ್ಟಿಗೆ ಒತ್ತಿದರೆ ಒಂದು ಗಿಳಿ ಎರಡಾಗುತ್ತದೆ. ಬೇರೆ ಎರಡು ಒತ್ತಿದರೆ, ಮಾಡಿದ ತಪ್ಪು ಮಾಡದ ಹಾಗೆ ಹಿಂದಕ್ಕೆ ಹೋಗುತ್ತದೆ. ನನಗೆ ಬಹಳ ಹಿಡಿಸಿದ್ದು ಅದೇ. "ಎಷ್ಟ್ ಇಂದಕ್ಕೆ ಓಯ್ತದೆ ಅದು?" ಎಂದು ಕೇಳಿದೆ. "ಇವತ್ತು ತೆರೆದ ಮೇಲೆ ಮಾಡಿದ್ದು ಅಷ್ಟೇ ಅತ್ತೆ. ನೆನ್ನೇದು ಬರಲ್ಲ" ಎಂದ. ನಾನು ಮತ್ತೆ ಕಣ್ಣು ಮುಚ್ಚಿಕೊಂಡು ಕೂಗತೊಡಗಿದೆ.

ಮೂರನೆಯ ದಿನ ಎರಡೂವರೆಗೆ ಅಂಚು ಮುಗಿಯಿತು. ನಾಲ್ಕಕ್ಕೆ ಕರೆಂಟು ಹೋಗುತ್ತದೆ. ಅಷ್ಟರಲ್ಲಿ ಹಾಳೆಯ ಮೇಲೆ ತೆಗೆದು ಅಚ್ಚಿಗೆ ಕೊಡದಿದ್ದರೆ ಭಾನುವಾರದ ನಾಮಕರಣಕ್ಕೆ ಕೆಂಪು ಕೂದಲಿನ ಮಗುವೇ ಗತಿ. ಮಾದೇಶ ಕೊನೆಯ ಸಲ ನೋಡಲೆಂದು ಅಂಚನ್ನು ದೊಡ್ಡದು ಮಾಡಿದ. ನಾಲ್ಕನೆಯ ಗಿಳಿಯ ಕೊಕ್ಕಿನ ಕೆಳಗೆ, ಯಾವುದಕ್ಕೂ ಅಂಟದೆ, ಒಂದೇ ಒಂದು ಮನೆ ತುಂಬಿತ್ತು.

"ಇದು ನೀವೇಳಿದ್ದಾ ಅತ್ತೆ?"

ನಾನು ಹೇಳಿರಲಿಲ್ಲ. ಅವನು ಗಿಳಿಗಳನ್ನು ಒಂದರಿಂದಲೇ ಆರು ಮಾಡಿದ್ದ, ಉಳಿದ ಐದರಲ್ಲಿ ಅದು ಇರಲೂ ಇಲ್ಲ. ನನಗೆ ಕಸಿವಿಸಿಯಾಯಿತು. ಒಂಬತ್ತು ವರ್ಷ ಕಾದ ಮಗುವಿನ ಕಾರ್ಡು, ಒಂದು ಕುಂದೂ ಇರಬಾರದು. "ತೆಗೀರಿ ಅದ" ಎಂದೆ.

ಅಳಿಸುವ ಕೀ ಒತ್ತಿದ, ಹೋಗಲಿಲ್ಲ. ಹಿಂದಕ್ಕೆ ಹೋಗುವ ಎರಡು ಕೀ ಒತ್ತಿದ, ಅದೂ ಇಲ್ಲ. ಕನ್ನಡ ಟೈಪಿಂಗು ಚಾಲೂ ಇದ್ದರೆ ಕೀಗಳು ಹೀಗೆ ಮೊಂಡು ಹಿಡಿಯುವುದುಂಟಂತೆ. ಹೆಸರು, ಊರು ಕನ್ನಡದಲ್ಲಿ ಬರೆದು ಅದನ್ನು ಆರಿಸಲು ಮರೆಯುವುದು ಆ ಅಂಗಡಿಯವರ ದಿನನಿತ್ಯದ ತಪ್ಪು. ನೋಡಿದರೆ ಅದರ ದೀಪ ಆರಿಯೇ ಇತ್ತು. ಒಮ್ಮೆ ಹಚ್ಚಿ ಆರಿಸಿದ. ಮಾಡಿದ್ದನ್ನು ಮೌಸಿನಲ್ಲೇ ಉಳಿಸಿ, ಯಂತ್ರ ಮುಚ್ಚಿ ಮತ್ತೆ ತೆರೆದ. ಪಕ್ಕದ ಯಂತ್ರದ ಕೀಬೋರ್ಡ್ ತಂದು ಸಿಕ್ಕಿಸಿದ. ಚುಕ್ಕಿ ಇದ್ದಲ್ಲೇ ಇತ್ತು. ಗಂಟೆ ಮೂರೂಕಾಲು.

ಯಳಂದೂರಿನ ರಿಪೇರಿ ಬಸವರಾಜು ಅವತ್ತು ಕೊಳ್ಳೇಗಾಲದಲ್ಲೇ ಇದ್ದ. ಮಾದೇಶ ಅವನನ್ನು ಕರೆಸಿದ. ಬಂದವನೇ ಹಳೆಯ ಕೀಬೋರ್ಡನ್ನು ಬೋರಲು ಮಾಡಿ ಮೇಜಿಗೆ ಬಡಿದ. ಕಡ್ಲೆಪುರಿ, ಒಂದು ಗುಂಡುಸೂಜಿ, ಎರಡು ಸತ್ತ ಇರುವೆ ಉದುರಿದವು.

"ಏನ್ ಮಾದೇಶಣ್ಣ, ಮೇಲ್ಗಡೆ ಡಿ.ಟಿ.ಪಿ., ಒಳಗಡೆ ಚುರುಮುರಿ ಅಂಗ್ಡಿ! ನೀ ತಿಂದ್ರೆ ತಿನ್ನು, ಇದ್ಕೂ ಯಾಕ್ ತಿನ್ನುಸ್ತೀಯ?"

ಎಲ್ಲರೂ ನಕ್ಕೆವು. ಅವನು ಬೇರೆ ಕೆಲಸ ತೆರೆದು ಒತ್ತಿ ನೋಡಿದ, ಎಲ್ಲ ಕೀಗಳೂ ನಡೆದವು. ನಮ್ಮ ಅಂಚನ್ನೇ ತೆರೆದು ಮೂರನೆಯ ಗಿಳಿ ಅಳಿಸಿದ, ಹೋಯಿತು. ಹಿಂದಕ್ಕೆ ಕರೆದ, ಬಂತು. ಚುಕ್ಕಿಯನ್ನು ಹಿಡಿದು ಒತ್ತಿದ, ಏನೂ ಆಗಲಿಲ್ಲ. ಮತ್ತೆ ಬೇರೆ ಗಿಳಿ, ನಡೆಯಿತು. ಮತ್ತೆ ಚುಕ್ಕಿ, ಇಲ್ಲ. ಬಸವರಾಜುವಿನ ನಗೆ ನಿಂತಿತು. "ಇದೊಂದ್ ಬುಟ್ಟು ಮಿಕ್ಕಿದ್ದೆಲ್ಲ ಯೋಳ್ದಂಗೆ ಕೇಳ್ತದೆ" ಎಂದು ಕತ್ತು ಕೆರೆದುಕೊಂಡ. "ಕೀ ಉಸಾಬರಿನೇ ಬ್ಯಾಡ ಅಣ್ಣ. ಮೌಸಲ್ಲಿ ಮೇಲಿನ ಪಟ್ಟಿಗೋಗಿ ಅಳಿಸ್ಬುಡು. ಕರೆಂಟ್ ಓಯ್ತದೆ."

ಮಾದೇಶ ಪರದೆಯ ಮೇಲಿನ ಮೌಸಿನ ಬಾಣವನ್ನು ಅಲ್ಲಿಗೆ ಒಯ್ದ. ಹಾಳಾದ್ದು ಎಲ್ಲಿದೆ ನೋಡೋಣ ಎಂದು ನಾನು ಕನ್ನಡಕ ಏರಿಸಿಕೊಂಡು ಮೊದಲ ಸಲ ಪರದೆಯ ಹತ್ತಿರ ಬಾಗಿದೆ. ಅಷ್ಟೂ ದಿನ ಕಣ್ಣು ಮುಚ್ಚಿ ಕೂಗಿದ್ದೆನೇ ಹೊರತು ಗಿಳಿಯ ಮುಖವನ್ನು ಸರಿಯಾಗಿ ನೋಡಿರಲೇ ಇಲ್ಲ. ಕೊಕ್ಕು ತೆರೆದಿತ್ತು, ಹಸಿದ ಮರಿಯ ಹಾಗೆ. ಅದರ ಕೆಳಗೆ ಒಂದು ಕಾಳು.

ಒಟ್ಟೆ ಅಸ್ದೋರ ತಾವ ಉಡುಕಮ್ಮಿ.

"ಬ್ಯಾಡ!" ಎಂದು ಕಿರುಚಿ ಮಾದೇಶನ ಮಣಿಕಟ್ಟು ಹಿಡಿದೆ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂತು ಉಣ್ಣುವುದೂ ಇಲ್ಲ, ಕೈ ಮುಟ್ಟಿದ್ದು ಅದೇ ಮೊದಲು. "ಮುಟ್ಬ್ಯಾಡಿ ಅಳಿಮಯ್ಯ. ಅದು ಅಲ್ಲೇ ಇರ್ಲಿ. ಅದು ಅವರ್ದು."

ಅವನು ಬಾಣವನ್ನು ಈಚೆಗೆ ತಂದ. ಎಡಗೈಯಿಂದ ಎರಡು ಕೀ ಒತ್ತಿದ, ಉಳಿಸಿಕೊಂಡೆ ಎಂದು ಯಂತ್ರ ಹೇಳಿತು. ಇನ್ನೆರಡು ಒತ್ತಿದ, ಪ್ರಿಂಟರು ಗುರ್ ಎಂದಿತು. ಹಾಳೆ ಕೈಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. "ಈಗ ಆ ಚುಕ್ಕಿ ಅಳಿಸುದ್ರೆ ಓಯ್ತದಾ ನೋಡಣ್ವಾ?" ಎಂದು ಬಸವರಾಜು ಆಸೆಯಿಂದ ಕೇಳಿದ. "ಅತ್ತೆ ಬ್ಯಾಡ ಅಂದವ್ರೆ ಕಣ್ಲಾ" ಎಂದ ಮಾದೇಶ. ಹಾಗಾಗಿ ಅದನ್ನು ಯಾರೂ ನೋಡಲಿಲ್ಲ. ಕರೆಂಟು ಹೋದ ಮೇಲೂ ನಾನು ಆ ಕಪ್ಪು ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದೆ. ಒಂದು ಮೊಳ ಕನಕಾಂಬರ ನನಗೆ ಬರಬೇಕಿತ್ತು. ತರುವವರಿಲ್ಲ, ಬಂದರೂ ಮುಡಿಯುವ ತಲೆಯಲ್ಲ.

ಆಮೇಲೆ ಎಲ್ಲರೂ ಒಂದೊಂದು ಹೇಳಿದರು. ನಾನೇ ಮರೆತು ಒಂದು ಮನೆ ಹೆಚ್ಚಿಗೆ ಕೂಗಿರಬೇಕು ಎಂದಳು ಮಗಳು. ಇರಬಹುದು. ಆದರೆ ಕೇಳದೇ ಇದ್ದದ್ದನ್ನು ಕೂಗುವುದು ಹೇಗೆ? ಮಾದೇಶನ ಕೈ ತಪ್ಪಿ ಬಿದ್ದಿರಬೇಕು ಎಂದಳು ತಂಗಿ. ಅದೂ ಇರಬಹುದು. ಬಿದ್ದದ್ದು ಸರಿಯಾಗಿ ಕೊಕ್ಕಿನ ಕೆಳಗೇ ಏಕೆ, ಕೀಗಳು ಅದೊಂದಕ್ಕೇ ಏಕೆ ಮುನಿದವು? "ಯಂತ್ರ ಅಲ್ವಾ ಅವ್ವ, ಕೆಲವೊಂದ್ ಕಿತ ಅಂಗೇ" ಎಂದು ಬಸವರಾಜು ಕೈ ಚೆಲ್ಲಿದ. ನಿಜವಾದ ಚುಕ್ಕಿ ಅಲ್ಲೇ ಇತ್ತೆಂದು ನಾನೂ ಆಣೆ ಮಾಡಲಾರೆ. ಅದಕ್ಕೆ ಆ ಸೀರೆಯೇ ಸಿಗಬೇಕು. ಇವತ್ತಿಗೂ ಯಳಂದೂರು, ಹನೂರಿನ ಕಡೆ ಮದುವೆಗೆ ಹೋದರೆ, ವಯಸ್ಸಾದ ಹೆಂಗಸರು ಹಳೆಯ ರೇಷ್ಮೆ ಉಟ್ಟಿದ್ದರೆ, ನನ್ನ ಕಣ್ಣು ಅವರ ಸೆರಗಿಗೂ ಕಾಲಿನ ಅಂಚಿಗೂ ಓಡುತ್ತದೆ. "ಅಮ್ಮ, ಜನ ಏನನ್ಕತಾರೆ!" ಎಂದು ಮಗಳು ಚಿವುಟುತ್ತಾಳೆ. ಆರು ಗಿಳಿ ಎಲ್ಲೂ ಸಿಕ್ಕಿಲ್ಲ.

ಮೊಮ್ಮಗಳು ಗೌರಿಗೆ ಈಗ ಮೂರು ವರ್ಷ. ಮಾತೋ ಮಾತು! ಮೊನ್ನೆ ನನ್ನ ಟ್ರಂಕಿನಿಂದ ತನ್ನ ನಾಮಕರಣದ ಕಾರ್ಡನ್ನು ಎಳೆದು ತಂದು ತೊಡೆ ಏರಿ ಕೂತಳು. ನಾನು ಏನೂ ತೋರಿಸಿರಲಿಲ್ಲ, ಹೇಳಿರಲಿಲ್ಲ. ಅಂಚಿನ ಮೇಲೆ ಬೆರಳು ಓಡಿಸುತ್ತಾ ಹೋದವಳು ನಾಲ್ಕನೆಯ ಗಿಳಿಯ ಹತ್ತಿರ ನಿಲ್ಲಿಸಿದಳು.

"ಅಜ್ಜೀ, ಗಿಣಿ ಉಣ್ತಾ ಚೆಲ್ಬುಟ್ಟದೆ."

ನಾನು ಚಪ್ಪಲಿ ಮೆಟ್ಟಿ ಮಾರುಕಟ್ಟೆಗೆ ಹೋಗಿ ಒಂದು ಮೊಳ ಕನಕಾಂಬರ ತಂದು, ಅವಳ ಮೋಟು ಜಡೆಗೆ ಸುತ್ತಿ ಸುತ್ತಿ ಮುಡಿಸಿದೆ.

"ಯಾರ್ ಕೊಟ್ಟಿದ್ದು ಅಜ್ಜಿ?" ಎಂದಳು.

"ನಿಮ್ತಾತ" ಎಂದೆ.